ಅಪ್ಪನ ಬೆಂಜ್ ಇಟ್ಕೊಳ್ಳೋದಾ, ಕೊಟ್ಬಿಡೋದಾ?

ಅಪ್ಪ ಹೋದ ಮೇಲೆ ಮನೇಲಿ ಎಲ್ಲರ ಮನಸ್ಸಲ್ಲೂ ಇದ್ದು ಯಾರೂ ಬಾಯಿಬಿಡದ ಪ್ರಶ್ನೆ: ಕಾರಿಗೇನು ಮಾಡೋದು? ನಮ್ಮದು 1996ರ ಮರ್ಸಿಡಿಸ್ ಇ220, ಪುಣೆಯಲ್ಲಿ 1995ರಿಂದ ತಯಾರಾದ ಡಬ್ಲ್ಯು124 ಸಾಲಿನದು. ಬಾಗಿಲು ಹಾಕಿದಾಗ ಬರೋ ‘ಧಪ್’ ಸದ್ದಿಗೇ ಅರ್ಧ ಮನಸ್ಸು ಸೋಲುತ್ತೆ.

ಮೊದಲು ಕಾಗದಪತ್ರ. ಮಾಲೀಕರು ತೀರಿಕೊಂಡ 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು, ಮೂರು ತಿಂಗಳೊಳಗೆ ಫಾರಂ 31 ಕೊಟ್ಟು ಹೆಸರು ಬದಲಿಸಬೇಕು. ಮಾರೋದಾದ್ರೂ ಇದು ತಪ್ಪಿದ್ದಲ್ಲ. ಇನ್ಶೂರೆನ್ಸ್‌ನಲ್ಲೂ ಹೆಸರು ಬದಲಾಗಬೇಕು. ಒಡಹುಟ್ಟಿದವರ ಒಪ್ಪಿಗೆ ಬಾಯಿಮಾತಲ್ಲಿ ಬೇಡ, ಬರೆಸ್ಕೊಳ್ಳಿ. 15 ವರ್ಷ ದಾಟಿದ ಗಾಡಿಗೆ ಐದು ವರ್ಷಕ್ಕೊಮ್ಮೆ ಎಫ್‌ಸಿ, ಆರ್‌ಸಿ ನವೀಕರಣ, ಜೊತೆಗೆ ಹಸಿರು ತೆರಿಗೆ. ‘ವಿಂಟೇಜ್’ ಅಂತ ಬೀಗೋ ಹಾಗೂ ಇಲ್ಲ, ಅದಕ್ಕೆ 50 ವರ್ಷ ಆಗ್ಬೇಕು!

ನಿಜವಾದ ಖರ್ಚು ಓಡಿಸೋದ್ರಲ್ಲಲ್ಲ, ನಿಲ್ಲಿಸೋದ್ರಲ್ಲಿದೆ. ನಿಂತ ಗಾಡಿಯಲ್ಲಿ ಬ್ಯಾಟರಿ ಇಳಿಯುತ್ತೆ, ಟೈರು ಒಂದೇ ಕಡೆ ಚಪ್ಪಟೆಯಾಗುತ್ತೆ, ರಬ್ಬರ್ ಹೋಸ್ ಬಿರುಕು ಬಿಡುತ್ತೆ, ಟ್ಯಾಂಕಲ್ಲಿ ಪೆಟ್ರೋಲ್ ಹಳಸುತ್ತೆ. ಕವರ್ ಹೊದಿಸಿ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಬಿಟ್ಟಿರೋದನ್ನ ನಾನಂತೂ ‘ನೆನಪು ಕಾಪಾಡೋದು’ ಅನ್ನಲ್ಲ.

ತಂಗಿಗೆ ಮಾರಬೇಕು, ಮನೆ ಸಾಲಕ್ಕೆ ಅವಳ ಪಾಲು ಬೇಕು. ಅವಳದ್ದೂ ನ್ಯಾಯವೇ. ಅಮ್ಮ ಮಾತ್ರ, “ಆ ಸೀಟಲ್ಲಿ ಕೂತ್ರೆ ಅವರು ಪಕ್ಕದಲ್ಲೇ ಇದ್ದ ಹಾಗಿರುತ್ತೆ ಕಣೋ” ಅಂದ್ರು. ಕೊನೆಗೆ ಮೂರನೆಯವರಿಂದ ಬೆಲೆ ಕಟ್ಟಿಸಿ ತಂಗಿಯ ಪಾಲು ಕೊಡೋದು, ಮುಂದಿನ ಎಫ್‌ಸಿವರೆಗೆ ಗಾಡಿ ಇಟ್ಕೊಳ್ಳೋದು ಅಂತಾಯ್ತು. ವಾರಕ್ಕೊಮ್ಮೆ ಓಡಿಸೋಕೆ ಆಗ್ಲಿಲ್ಲ ಅಂದ್ರೆ ಅದಕ್ಕೂ ಮುಂಚೆ ಮಾರೋಣ ಅಂತ ಅಮ್ಮನೇ ಷರತ್ತು ಹಾಕಿದಾರೆ.