ನಿದ್ದೆ ಕಲಿಸುವ ಫೋನು

ಮಕ್ಕಳೇ, ನಿದ್ದೆ ಕೆಡಿಸುವ ಫೋನೇ ನಿದ್ದೆ ಕಲಿಸುತ್ತೆ ಅಂದ್ರೆ ನಗ್ತೀರಾ? ನಿದ್ದೆ ಬಾರದ ದೊಡ್ಡವರಿಗೆ ಮಾತ್ರೆಗಿಂತ ಮೊದಲು ಅಭ್ಯಾಸ ತಿದ್ದುವ ಚಿಕಿತ್ಸೆ ಕೊಡಬೇಕೆಂದು ಅಮೆರಿಕದ ವೈದ್ಯರ ಸಂಘಟನೆಯೊಂದು 2016ರಲ್ಲೇ ಹೇಳಿತು. ಅದನ್ನೇ ಫೋನಿನಲ್ಲಿ ಕಲಿಸುವ 'ಸ್ಲೀಪಿಯೋ'ವನ್ನು ಬ್ರಿಟನ್ನಿನ 'ನೈಸ್' ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿತು. ಗುಟ್ಟು ಸರಳ: ದಿನಾ ಒಂದೇ ಹೊತ್ತಿಗೆ ಏಳುವುದು, ನಿದ್ದೆ ಬಂದಾಗಷ್ಟೇ ಹಾಸಿಗೆಗೆ ಹೋಗುವುದು, ನಿದ್ದೆಯ ಲೆಕ್ಕ ಬರೆದಿಡುವುದು. ಲಾಭ ಕಾಣೋದು ಹಗಲಲ್ಲಿ: ಕೆಲಸದಲ್ಲಿ ಗಮನ ನಿಲ್ಲುತ್ತೆ, ಸಿಡುಕು ಇಳಿಯುತ್ತೆ.

ಆದರೆ ಡಿಚೋಲಿಯಲ್ಲಿ ದುಡಿದು ಬಂದು ರಾತ್ರಿಯಿಡೀ ಹೊರಳಾಡುವ ನಮ್ಮವರಿಗೆ ಇಂಗ್ಲಿಷ್ ಆ್ಯಪ್‌ನಿಂದ ಏನು ಪ್ರಯೋಜನ? ಈ ಪಾಠ ಕನ್ನಡದಲ್ಲೂ ಬೇಕು. ಸದ್ಯಕ್ಕೆ ನೀವೇ ಎರಡು ವಾರ ಅಪ್ಪ-ಅಮ್ಮನ ನಿದ್ದೆಯ ಲೆಕ್ಕವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಡಿ. ವೈದ್ಯರಿಗೆ ತೋರಿಸಲು ಅದೇ ಮೊದಲ ಹೆಜ್ಜೆ.