ಹಳೆಯ ಕಾರಿಗೆ ಸೀಸದ ಆಸೆ ಬೇಡ

ಅಜ್ಜನ ಕಾಲದ ಕಾರನ್ನು ಜೋಪಾನವಾಗಿ ಇಟ್ಟುಕೊಂಡವರು ಸೀಸರಹಿತ ಪೆಟ್ರೋಲಿನಿಂದ ಎಂಜಿನ್ ಹಾಳಾಗುತ್ತದೆಂದು ಕೊರಗುವುದುಂಟು. ಇದರಲ್ಲಿ ಸತ್ಯಾಂಶವಿದೆ. ಸೀಸವು ವಾಲ್ವ್ ಸೀಟಿನ ಮೇಲೆ ತೆಳುಪದರವಾಗಿ ಕೂತು ಸವೆತವನ್ನು ತಡೆಯುತ್ತಿತ್ತು. ಆದರೆ ಹೊಗೆಯೊಂದಿಗೆ ಹೊರಬಿದ್ದ ಅದೇ ಸೀಸ ಮಕ್ಕಳ ರಕ್ತ ಸೇರಿ, ಬೆಳೆಯುವ ಮೆದುಳಿಗೆ ಹಾನಿ ಮಾಡುತ್ತಿತ್ತು. ಆ ಹಾನಿಯನ್ನು ಯಾವ ಔಷಧಿಯೂ ಪೂರ್ತಿ ಸರಿಪಡಿಸಲಾರದು. ಭಾರತದಲ್ಲಿ 2000ದ ಫೆಬ್ರುವರಿಯಲ್ಲಿ ಸೀಸಯುಕ್ತ ಪೆಟ್ರೋಲ್ ಮಾರಾಟ ನಿಂತಿತು. ಎಲ್ಲರಿಗಿಂತ ಕೊನೆಗೆ, 2021ರಲ್ಲಿ, ಅಲ್ಜೀರಿಯಾ ಅದನ್ನು ಕೈಬಿಟ್ಟಿತು.

ಆದ್ದರಿಂದ ಸೀಸದ ದ್ರಾವಣವನ್ನು ಹುಡುಕಿ ತಂದು ಟ್ಯಾಂಕಿಗೆ ಸುರಿಯಬೇಡಿ. ಅದು ಚರ್ಮದ ಮೂಲಕವೂ ದೇಹ ಸೇರುತ್ತದೆ. ಬದಲಿಗೆ, ನುರಿತ ಮೆಕ್ಯಾನಿಕ್‌ನಿಂದ ಗಟ್ಟಿ ಲೋಹದ ವಾಲ್ವ್ ಸೀಟ್ ಹಾಕಿಸಿ. ಅಲ್ಲಿಯವರೆಗೆ ಕಾರನ್ನು ಅತಿವೇಗವಾಗಿ ಓಡಿಸಬೇಡಿ. ಎಂಜಿನ್ನೂ ಉಳಿಯುತ್ತದೆ, ಬೀದಿಯ ಮಕ್ಕಳೂ ಕ್ಷೇಮವಾಗಿರುತ್ತಾರೆ.