ಪ್ರಿಂಟರಿಗೆ ಕಣ್ಣಿದೆಯೆ?

ವಾರಕ್ಕೆ ಮೂರು ದಿನ ಮಾಮೂವನ್ನು ಡಯಾಲಿಸಿಸ್‌ಗೆ ಕರೆದುಕೊಂಡು ಹೋಗುವುದು ಕಳೆದ ವರ್ಷದಿಂದ ನನ್ನ ಪಾಲಿಗೆ ಬಂದ ಕೆಲಸ. ಸಕ್ಕರೆ ಕಾಯಿಲೆ ಮೊದಲು ಅವರ ಕಣ್ಣುಗಳನ್ನು ತಿಂದಿತು, ಆಮೇಲೆ ಮೂತ್ರಪಿಂಡಗಳಿಗೆ ಕೈಹಾಕಿತು. ಮೂವತ್ತು ವರ್ಷ ಉರ್ದು ಶಾಲೆಯ ಮಕ್ಕಳಿಗೆ ಕನ್ನಡ ಕಲಿಸಿದ ಮೇಷ್ಟ್ರು ಅವರು. ಓದು ಬಿಟ್ಟರೆ ಬೇರೆ ಚಟವಿರಲಿಲ್ಲ. ಈಗ ನಾಲ್ಕು ಗಂಟೆ ಕಾಲ ಸೂಜಿ ಚುಚ್ಚಿದ ಒಂದು ಕೈಯನ್ನು ಅಲುಗಿಸದೆ ಮಲಗಬೇಕು. ಇನ್ನೊಂದು ಕೈ ಬಿಡುವು. ಆ ಬಿಡುವಿನ ಕೈಗೆಂದೇ ಜಿದ್ದಾದಲ್ಲಿರುವ ಅವರ ಮಗ ಕುರುಡರಿಗಾಗಿ ತಯಾರಿಸಿದ ಪುಟ್ಟ ಯಂತ್ರವೊಂದನ್ನು ತಂದುಕೊಟ್ಟ. ಅದಕ್ಕೆ ಪರದೆಯಿಲ್ಲ, ಬೆರಳಿಗೆ ಸಿಗುವ ಉಬ್ಬು ಗುಂಡಿಗಳಿವೆ. ಪುಸ್ತಕ ಓದಿ ಹೇಳುತ್ತದೆ, ವೈ-ಫೈ ಸಿಕ್ಕರೆ ಅಂತರ್ಜಾಲದ ರೇಡಿಯೋ ಕೇಳಿಸುತ್ತದೆ.

ಆಸ್ಪತ್ರೆಯ ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರು: ಉಚಿತ ವೈ-ಫೈ. ಮಾಮೂ ಗುಂಡಿ ಒತ್ತಿದರು. ಸಂಪರ್ಕವಾಗಿದೆ ಎಂದು ಯಂತ್ರ ಹೇಳಿತು. ರೇಡಿಯೋ ಮಾತ್ರ ಹಾಡಲಿಲ್ಲ. ಮತ್ತೆ ಒತ್ತಿದರು. "ಕ್ಯಾ ಹುವಾ ಬೇಟಾ, ನೀನು ಸ್ವಲ್ಪ ನೋಡು" ಎಂದರು. ನನ್ನ ಫೋನಿನಲ್ಲಿ ನೋಡಿದೆ. ಸಂಪರ್ಕವಾದ ಕೂಡಲೇ ಒಂದು ಪುಟ ಮೇಲೆದ್ದು ಬಂತು. ಆಸ್ಪತ್ರೆಯ ಜಾಹೀರಾತು, ಕೆಳಗೆ ಮೊಬೈಲ್ ಸಂಖ್ಯೆ ತುಂಬುವ ಜಾಗ, ಓಟಿಪಿ ತುಂಬುವ ಜಾಗ, ಷರತ್ತುಗಳಿಗೆ ಒಪ್ಪಿದ್ದೇನೆಂದು ಗುರುತು ಹಾಕುವ ಚೌಕ. ಅದನ್ನು ದಾಟಿದವರಿಗೆ ಅಂತರ್ಜಾಲ. ಮಾಮೂವಿನ ಯಂತ್ರಕ್ಕೆ ಪುಟ ತೆರೆಯುವ ಬ್ರೌಸರೇ ಇಲ್ಲ. ಬಾಗಿಲ ಬಳಿ ನಿಂತಿದೆ, ಬಾಗಿಲಿರುವುದೇ ಅದಕ್ಕೆ ತಿಳಿಯದು.

ಕಂಪ್ಯೂಟರ್ ವಿಭಾಗದ ಹುಡುಗನನ್ನು ಹುಡುಕಿಕೊಂಡು ಹೋದೆ. ಒಳ್ಳೆಯ ಹುಡುಗ. ತಾಳ್ಮೆಯಿಂದ ಕೇಳಿಸಿಕೊಂಡ. "ಅದು ನಿಮ್ಮ ಡಿವೈಸ್ ಪ್ರಾಬ್ಲಂ ಸಾರ್" ಎಂದ.

ನನ್ನ ಜಗಳವಿರುವುದು ಆ ಹುಡುಗನ ಜೊತೆಯಲ್ಲ, ಈ ವಾಕ್ಯದ ಜೊತೆ.

ತಂತ್ರಜ್ಞರು ಈ ಪುಟಕ್ಕೆ ಕ್ಯಾಪ್ಟಿವ್ ಪೋರ್ಟಲ್ ಎನ್ನುತ್ತಾರೆ. ಬಂದವರನ್ನು ಸೆರೆಹಿಡಿಯುವ ಹೆಬ್ಬಾಗಿಲು, ಹೆಸರಿಟ್ಟವರು ಪ್ರಾಮಾಣಿಕರು. ನಮ್ಮ ಯಂತ್ರ ರೇಡಿಯೋ ಕೇಂದ್ರದ ವಿಳಾಸ ಕೇಳಿದರೆ, ಜಾಲವು ಆ ಕೋರಿಕೆಯನ್ನು ನಡುದಾರಿಯಲ್ಲೇ ತಡೆದು ತನ್ನ ಪುಟವನ್ನು ಮುಂದೆ ಹಿಡಿಯುತ್ತದೆ. ಯಂತ್ರ ಕೇಳಿದ್ದು ಹಾಡು, ಸಿಕ್ಕಿದ್ದು ಅರ್ಜಿ ಫಾರಂ. 2013ರಲ್ಲೇ ವೈ-ಫೈ ಅಳವಡಿಸಿಕೊಂಡ ವಿಕ್ಟರ್ ರೀಡರ್ ಸ್ಟ್ರೀಮ್‌ನಂಥ ಯಂತ್ರಗಳಲ್ಲೂ ಬ್ರೌಸರ್ ಇಲ್ಲ. ಅದು ತಯಾರಕರ ಮರೆವಲ್ಲ. ಕಣ್ಣಿಲ್ಲದ ಮುದುಕರೊಬ್ಬರು ಒಂದೇ ಕೈಯಲ್ಲಿ ನಡೆಸುವಂತಿರಲಿ ಎಂದೇ ಗುಂಡಿಗಳಿಟ್ಟು, ಬೇಡದ್ದನ್ನೆಲ್ಲ ತೆಗೆದಿದ್ದಾರೆ. ಆ ಸರಳತೆಯನ್ನೇ ನಾವು ದೋಷ ಎನ್ನುತ್ತಿದ್ದೇವೆ.

ಬ್ರೌಸರ್ ಇರುವ ಬ್ರೈಲ್ ಯಂತ್ರಗಳಿಗೂ, ಮಾತಾಡುವ ಫೋನುಗಳಿಗೂ ಈ ಹೆಬ್ಬಾಗಿಲು ಸಲೀಸಲ್ಲ. ಚೌಕಕ್ಕೆ ಹೆಸರು ಕೊಟ್ಟಿರುವುದಿಲ್ಲವಾದ್ದರಿಂದ ಪರದೆ ಓದುವ ತಂತ್ರಾಂಶ ಅಲ್ಲಿ ತಡವರಿಸುತ್ತದೆ. ಕೆಲವು ಕಡೆ ಸೊಟ್ಟಂಬಟ್ಟ ಅಕ್ಷರಗಳ ಚಿತ್ರ ತೋರಿಸಿ, ನೀನು ಮನುಷ್ಯನೇ ಎಂದು ಸಾಬೀತುಪಡಿಸು ಎನ್ನುತ್ತಾರೆ. ಓಟಿಪಿ ಬಂದರೆ ಫೋನು ಅದನ್ನು ಗಟ್ಟಿಯಾಗಿ ಓದಿ ಹಾಲಿಗೆಲ್ಲ ಸಾರುತ್ತದೆ. ಓದಿ ಮುಗಿಸಿ, ತಡಕಾಡಿ ತುಂಬುವಷ್ಟರಲ್ಲಿ ಅದರ ಆಯುಷ್ಯ ಮುಗಿದಿರುತ್ತದೆ.

ಹುಡುಗ ಇನ್ನೊಂದು ಕಾರಣ ಕೊಟ್ಟ. "ಸೆಕ್ಯುರಿಟಿ ಸಾರ್, ಯಾರು ಬಳಸಿದರು ಅಂತ ರೆಕಾರ್ಡ್ ಬೇಕಲ್ಲ." ಸುಳ್ಳಲ್ಲ. 2008ರ ಜುಲೈಯಲ್ಲಿ ಅಹಮದಾಬಾದಿನಲ್ಲಿ ಬಾಂಬುಗಳು ಸಿಡಿಯುವ ಮೊದಲು ಬಂದ ಈಮೇಲ್, ನವಿ ಮುಂಬಯಿಯ ಮನೆಯೊಂದರ ಬೀಗವಿಲ್ಲದ ವೈ-ಫೈ ಮೂಲಕ ಹೋಗಿತ್ತು. 2009ರ ಫೆಬ್ರವರಿಯಲ್ಲಿ ದೂರಸಂಪರ್ಕ ಇಲಾಖೆ ಸಾರ್ವಜನಿಕ ವೈ-ಫೈ ಬಳಸುವವರ ಗುರುತು ದಾಖಲಾಗಲೇಬೇಕೆಂದು ಸೂಚನೆ ಹೊರಡಿಸಿತು. ಮೊಬೈಲ್ ಸಂಖ್ಯೆ, ಓಟಿಪಿಗಳ ಮೆರವಣಿಗೆಯ ಹಿಂದೆ ಈ ಇತಿಹಾಸವಿದೆ. ಗುರುತು ಕೇಳುವುದನ್ನು ನಾನು ವಿರೋಧಿಸುತ್ತಿಲ್ಲ. ನನ್ನಂಥ ಹೆಸರಿನವರಿಗೆ ಲಾಡ್ಜಿನ ಕೌಂಟರಿನಲ್ಲಿ ಎರಡೆರಡು ಸಲ ಗುರುತು ತೋರಿಸಿ ಅಭ್ಯಾಸವಾಗಿಬಿಟ್ಟಿದೆ. ಆದರೆ ಮಾಮೂವಿನ ಆಧಾರ್, ಭಾವಚಿತ್ರ, ಫೋನ್ ಸಂಖ್ಯೆ, ಮಗನ ವಿಳಾಸ ಎಲ್ಲವೂ ಅದೇ ಕಟ್ಟಡದ ಫೈಲಿನಲ್ಲಿವೆ. ವಾರಕ್ಕೆ ಮೂರು ಸಲ ಇವರ ರಕ್ತವನ್ನು ಹೊರತೆಗೆದು, ತೊಳೆದು, ವಾಪಸು ಒಳಗೆ ಹಾಕುವ ಆಸ್ಪತ್ರೆಗೆ ಇವರು ಯಾರೆಂದು ಇನ್ನೂ ಗೊತ್ತಾಗಬೇಕೆ?

ಇನ್ನೊಂದು ಪ್ರಶ್ನೆ ಕೇಳಿದೆ. ನಿಮ್ಮ ಲ್ಯಾಬಿನಲ್ಲಿ ವೈ-ಫೈಗೆ ಜೋಡಿಸಿದ ಪ್ರಿಂಟರ್ ಇದೆಯಲ್ಲ, ಅದಕ್ಕೆ ಕಣ್ಣಿದೆಯೆ? ಅದು ಯಾವ ಚೌಕದಲ್ಲಿ ಗುರುತು ಹಾಕಿ ಒಳಗೆ ಬಂತು? ಅದರ ಓಟಿಪಿ ಯಾರ ಮೊಬೈಲಿಗೆ ಹೋಯಿತು? ಹುಡುಗ ನಕ್ಕ. ನಗಲೇಬೇಕು, ಉತ್ತರ ಅವನಿಗೆ ಗೊತ್ತು. ವೈ-ಫೈ ಇರುವ ಪ್ರತಿ ಯಂತ್ರಕ್ಕೂ ಹನ್ನೆರಡು ಅಂಕಿ-ಅಕ್ಷರಗಳ ಒಂದು ಸಂಖ್ಯೆ ಇರುತ್ತದೆ, ಮ್ಯಾಕ್ ವಿಳಾಸ ಎನ್ನುತ್ತಾರೆ. ಜಾಲ ನೋಡಿಕೊಳ್ಳುವವನು ಅದನ್ನು ಪಟ್ಟಿಗೆ ಸೇರಿಸಿದರೆ ಆ ಯಂತ್ರವನ್ನು ಹೆಬ್ಬಾಗಿಲು ತಡೆಯುವುದಿಲ್ಲ. ಯಾರ ಯಂತ್ರ ಎಂಬ ದಾಖಲೆಯೂ ಅಲ್ಲೇ ಉಳಿಯುತ್ತದೆ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳ ಹಾಸ್ಟೆಲುಗಳಲ್ಲಿ ವಿದ್ಯಾರ್ಥಿಗಳು ತಮ್ಮ ವಿಡಿಯೋ ಗೇಮ್ ಪೆಟ್ಟಿಗೆ, ಟಿ.ವಿ.ಗಳನ್ನು ಹೀಗೆಯೇ ನೋಂದಾಯಿಸಿಕೊಳ್ಳುತ್ತಾರೆ. ಆಟಿಕೆಗೆ ಹಿಂಬಾಗಿಲು ತೆರೆದವರಿಗೆ ಕುರುಡನ ಪುಸ್ತಕಕ್ಕೆ ತೆರೆಯುವುದು ಅಸಾಧ್ಯವೇನಲ್ಲ.

"ಫೋನಿನ ಹಾಟ್‌ಸ್ಪಾಟ್ ಹಾಕಿಕೊಡಿ" ಎನ್ನುವವರಿದ್ದಾರೆ. ಹಾಕಿಕೊಡುತ್ತೇನೆ, ನಾನು ಪಕ್ಕದಲ್ಲಿದ್ದಾಗ. ಚಹಾ ಕುಡಿಯಲು ಹೋದರೆ ರೇಡಿಯೋ ನಿಲ್ಲುತ್ತದೆ. ಕಣ್ಣಿದ್ದವರಿಗೆ ಪುಕ್ಕಟೆ ಸಿಗುವುದನ್ನು ಕುರುಡರು ಸೋದರಳಿಯನ ಜೇಬಿನಿಂದ ಪಡೆಯಬೇಕು ಎಂದಾದರೆ, ಗೋಡೆಯ ಮೇಲೆ ಉಚಿತ ಎಂದು ಬರೆಯುವುದೇಕೆ?

ಕಾನೂನು ಏನು ಹೇಳುತ್ತದೆ? 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 46ನೇ ಕಲಮು, ಸೇವೆ ಕೊಡುವವರು ಸರಕಾರದವರಿರಲಿ ಖಾಸಗಿಯವರಿರಲಿ, ನಿಯಮಗಳು ಬಂದ ಎರಡು ವರ್ಷದೊಳಗೆ ಸೇವೆಯನ್ನು ಎಲ್ಲರಿಗೂ ಎಟುಕುವಂತೆ ಮಾಡಬೇಕು ಎನ್ನುತ್ತದೆ. ನಿಯಮಗಳು ಬಂದದ್ದು 2017ರ ಜೂನ್‌ನಲ್ಲಿ. ಎರಡು ವರ್ಷ ಯಾವಾಗಲೋ ಮುಗಿಯಿತು. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಈ ಮಾನದಂಡಗಳು ಬರೀ ಸಲಹೆಗಳಾಗಿರಲಾರವು, ಕಡ್ಡಾಯವಾಗಬೇಕು ಎಂದಿತು. 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಮತ್ತು ಅಮರ್ ಜೈನ್ ಪ್ರಕರಣಗಳಲ್ಲಿ ಇನ್ನೂ ಮುಂದೆ ಹೋಗಿ, ಡಿಜಿಟಲ್ ಸೇವೆಗಳು ಎಟುಕುವುದು 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದಿತು. ಆ ಪ್ರಕರಣದ ಹಿಂದಿನ ಕಥೆಯನ್ನು ಕಥೆಗಾರನಾದ ನಾನು ಕಟ್ಟಿದ್ದರೆ ಯಾರೂ ನಂಬುತ್ತಿರಲಿಲ್ಲ. ಆಸಿಡ್ ದಾಳಿಯಲ್ಲಿ ಕಣ್ಣುಗಳಿಗೆ ಪೆಟ್ಟಾದ ಹೆಣ್ಣುಮಗಳು ಬ್ಯಾಂಕ್ ಖಾತೆ ತೆರೆಯಲು ಹೋದರೆ, ಜೀವಂತವಿರುವುದಕ್ಕೆ ಪುರಾವೆಯಾಗಿ ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸು ಎಂದಿದ್ದರು.

ನೋಡಲಾಗದವರಿಗೂ ಪುಸ್ತಕ ದಕ್ಕಲಿ ಎಂದು 2013ರಲ್ಲಿ ಮೊರಾಕೊದ ಮರ್ರಾಕೇಶಿನಲ್ಲಿ ಒಪ್ಪಂದವಾದಾಗ, ಅದನ್ನು ಎಲ್ಲರಿಗಿಂತ ಮೊದಲು, 2014ರಲ್ಲೇ ಅನುಮೋದಿಸಿದ ದೇಶ ನಮ್ಮದು. 2016ರಲ್ಲಿ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯವೂ ಶುರುವಾಯಿತು. ಜಗತ್ತನ್ನೆಲ್ಲ ಸುತ್ತಿ ಬಂದ ಪುಸ್ತಕ ನಮ್ಮೂರ ಆಸ್ಪತ್ರೆಯ ಗೋಡೆಯ ಬಳಿ ನಿಂತಿದೆ.

ಹೊರಗಿನವರನ್ನಷ್ಟೇ ಬೈದರೆ ಸಾಲದು. ಮಸೀದಿಗಳಿಗೆ ಸಿಸಿಟಿವಿ, ಏಸಿ, ನಮಾಜಿನ ವೇಳೆ ತೋರಿಸುವ ಡಿಜಿಟಲ್ ಫಲಕ ಬಂದಿವೆ. ಆ ಫಲಕ ಮಾತಾಡುವುದಿಲ್ಲ. ವುಜೂ ಮಾಡುವ ಕಟ್ಟೆಯವರೆಗೆ ಹಿಡಿದು ನಡೆಯಲು ಒಂದು ಕಂಬಿ ಹಾಕಿ ಎಂದು ಕಮಿಟಿಯವರನ್ನು ಕೇಳಿದೆ. ಮುಂದಿನ ಮೀಟಿಂಗಿನಲ್ಲಿ ನೋಡೋಣ ಎಂದರು. ಅಬಸ ಸೂರಾದ ಹಿನ್ನೆಲೆಯನ್ನು ಇವರೇ ಎಷ್ಟು ಬಯಾನುಗಳಲ್ಲಿ ಕೇಳಿಸಿಕೊಂಡಿಲ್ಲ! ಮಕ್ಕಾದಲ್ಲಿ ಪ್ರವಾದಿ(ಸ) ಕುರೈಷ್ ಮುಖಂಡರೊಡನೆ ಮಾತಿನಲ್ಲಿದ್ದಾಗ ಅಂಧ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್ ಬಂದು ಏನೋ ಕೇಳಿದರು. ಪ್ರವಾದಿಯವರ ಹುಬ್ಬು ಗಂಟಿಕ್ಕಿತು, ಮುಖ ತಿರುಗಿತು. ಅಷ್ಟಕ್ಕೇ ಆಕ್ಷೇಪಣೆಯ ವಚನಗಳು ಇಳಿದವು. ಹುಬ್ಬು ಗಂಟಿಕ್ಕಿದ್ದು ಆ ಅಂಧರಿಗೆ ಕಂಡಿರಲೂ ಇಲ್ಲ ಎಂಬುದನ್ನು ಗಮನಿಸಬೇಕು. ಮುಂದೆ ಮದೀನಾದಲ್ಲಿ ಅವರಿಗೆ ಅಝಾನಿನ ಹೊಣೆ ಸಿಕ್ಕಿತು. ಪ್ರವಾದಿ(ಸ) ಊರು ಬಿಟ್ಟು ಹೋಗುವಾಗ ಅವರನ್ನು ತಮ್ಮ ಸ್ಥಾನದಲ್ಲಿ ನಿಲ್ಲಿಸಿ ಹೋದದ್ದೂ ಉಂಟು.

ಆಸ್ಪತ್ರೆಗೆ ಅರ್ಜಿ ಕೊಟ್ಟಿದ್ದೇನೆ. ಕನ್ನಡದಲ್ಲಿ ಮಾಮೂ ಹೇಳಿದರು, ನಾನು ಬರೆದೆ. ಯಂತ್ರದ ಹನ್ನೆರಡು ಅಂಕಿ-ಅಕ್ಷರಗಳು, ರೋಗಿಯ ನೋಂದಣಿ ಸಂಖ್ಯೆ, 46ನೇ ಕಲಮು. ಕೊನೆಯ ಸಾಲಿನಲ್ಲಿ ಮೇಷ್ಟ್ರು ಬುದ್ಧಿ ಬಿಡಲಿಲ್ಲ: ಗೋಡೆಯ ಫಲಕದಲ್ಲಿ 'ಉಚಿತ' ಎಂಬ ಪದದ ಮುಂದೆ ನಕ್ಷತ್ರದ ಗುರುತು ಹಾಕಿ, ಯಾರಿಗೆ ಎಂದು ಕೆಳಗೆ ಬರೆಯುವುದು ಎಂದು ಸೇರಿಸಿದರು. ಅರ್ಜಿ ಸ್ವೀಕರಿಸಿದ್ದಕ್ಕೆ ಸೀಲು ಬಿದ್ದಿದೆ. ಮುಂದಿನ ಸರದಿ ಗುರುವಾರ, ಬೆಳಿಗ್ಗೆ ಏಳಕ್ಕೆ.